ಅಕ್ಕನ ದನಿಯೂ ನನ್ನ ಬೇಸ್ ಗಿಟಾರೂ

...ಮಧ್ಯಾಹ್ನವೇ ಇರಬೇಕು, ಸಂಜೆಯೂ ಇದ್ದೀತು. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ತಾರ್ನಾಕದ ಸಭಾಂಗಣದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಮೈಕು ಪರೀಕ್ಷೆ ನಡೆದಿತ್ತು. ಅಕ್ಕ ವಚನ ಹಾಡುತ್ತಿದ್ದಳು, ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಅವಳ ದನಿ ನನ್ನ ಸದ್ದಿನಲ್ಲಿ ಮುಳುಗಿಹೋಗಿತ್ತು.

“ತಮ್ಮಾ, ಇದು ಗಿಟಾರೋ, ಹಿಟ್ಟಿನ ಗಿರಣಿಯೋ? ಹಿಂಗಾದ್ರ ನಾ ಹಾಡಂಗಿಲ್ಲ ನೋಡು.”

ಸದ್ದಿನ ಏರಿಳಿತವನ್ನು ಅದುಮುವ ಕಂಪ್ರೆಸರನ್ನು ನಾನು ಮನೆಯಲ್ಲೇ ಹೊಂದಿಸಿಕೊಂಡು ಬಂದಿದ್ದೆ, ಕೆಳಗಿನ ಮನೆಯವರಿಗೆ ಹೆದರಿ ತಂತಿಯನ್ನು ಮೆಲ್ಲಗೆ ಮೀಟುತ್ತಾ. ಇಲ್ಲಿ ಜೋರಾಗಿ ಮೀಟಿದರೆ ಅದು ಎಲ್ಲ ಸ್ವರಗಳನ್ನೂ ಅದುಮಿ, ಬಿಡುವಿಲ್ಲದ ಒಂದೇ ಗುಂಯ್‌ಗುಟ್ಟುವಿಕೆಯಾಗಿ ಮಾಡುತ್ತಿತ್ತು. ಸದ್ದು ಎಷ್ಟು ಜೋರಾದರೆ ಅದುಮಬೇಕೆಂಬ ಮಟ್ಟವನ್ನು ಮೇಲೇರಿಸಿ, ಹೊರಬರುವ ಸದ್ದನ್ನು ಇಳಿಸಿದೆ. ಸದ್ದು ಮಿತಿ ದಾಟದಂತೆ ನೋಡುವ ಲಿಮಿಟರನ್ನು, ಕೈಮೀರಿ ಬೀಳುವ ಜೋರು ಮೀಟುಗಳನ್ನು ತಡೆಯಲಿಕ್ಕೆ ಮಾತ್ರ ಬಿಟ್ಟೆ.

ಅಕ್ಕ ಮತ್ತೆ ಹಾಡಿದಳು. ಈ ಸಲ ಅವಳ ಉಸಿರೂ ಕೇಳಿಸಿತು.

“ಹಾಂ, ಈಗ ಬರೋಬ್ಬರಿ ಐತಿ. ಕಾರ್ಯಕ್ರಮದಾಗೂ ಹಿಂಗ ಇರ್ಲಿ,” ಎಂದು ಕಣ್ಣು ಮುಚ್ಚಿ ಮುಂದಿನ ಸಾಲಿಗೆ ಹೋದಳು.

ಅದನ್ನು ಸರಿಮಾಡಿದ್ದು ಕಂಪ್ರೆಸರೋ, ಅವಳ ಗದರಿಕೆಗೆ ನನ್ನ ಬೆರಳೇ ಮೆತ್ತಗಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.