ಇನ್ನೂರು ವರ್ಷದ ನಂತರದ ನಮ್ಮ ಮನೆ

ನನ್ನ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಶಹಾಬಾದ್ ಇಲ್ಲ. ಇನ್ನೂರು ವರ್ಷಗಳ ನಂತರ, ಬೇರೆ ಗ್ರಹದಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಹಿರಿಯರ ಊರು ಹುಡುಕಿಕೊಂಡು ಬಂದಿಳಿಯುತ್ತಾಳೆ. ಕಲ್ಲಿನ ಗಣಿಗಳೆಲ್ಲ ನೀರು ತುಂಬಿ ಒಂದೇ ಕೆರೆಯಾಗಿವೆ. ಮನೆಗಳಿಲ್ಲ, ಮನುಷ್ಯರಿಲ್ಲ. ಆ ಮೌನಕ್ಕಾಗಿಯೇ ನಾನು ಇಡೀ ಪುಸ್ತಕ ಬರೆದದ್ದು.

ತಿದ್ದಲೆಂದು ಪ್ರಕಾಶಕರು ಕಳಿಸಿದ ಕರಡು ಮನೆಗೆ ಬಂದಿತ್ತು. ಚಿತ್ತಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ ನಾನು ಬರುವಷ್ಟರಲ್ಲಿ ಸೋದರತ್ತೆ ಅದನ್ನು ಓದಿ ಮುಗಿಸಿದ್ದರು. ನಾನಿರುವುದು ಅದೇ ಶಹಾಬಾದಿನಲ್ಲಿ, ಅವರ ಮನೆಯಲ್ಲಿ. ಹೊಸ್ತಿಲು ದಾಟಿದ ಕಾಗದವೆಲ್ಲ ಅವರದೇ.

"ನಮ್ಮ ಮನಿ ಎಲ್ಲಿ ಹೋಯ್ತವ್ವ?"

"ಅದು ಕಥಿ ಅತ್ತಿ."

"ಕಥಿ ಇರ್ಲಿ. ಮೊನ್ನೆರ ಮ್ಯಾಲಿನ ಖೋಲಿ ಕಟ್ಟಿಸೀವಿ. ಕೆಟ್ಟದ್ದು ಅಂದ್ರ ಅಸ್ತು ದೇವತಿಗಳು ಅಸ್ತು ಅಂತಾವ. ನೀ ಬರೇ ಅನ್ನಲಿಕತ್ತಿಲ್ಲ, ಛಾಪಸ್ಲಿಕತ್ತೀದಿ!"

"ಇನ್ನೂರು ವರ್ಷ ಆದಮ್ಯಾಲಿನ ಮಾತದು."

"ನಮ್ಮ ಮನಿ ಕಟ್ಟಿದ ಫರಸಿ ಕಲ್ಲಿಗಿ ಇನ್ನೂರು ವರ್ಷ ಒಂದು ಲೆಕ್ಕೇನು?"

ಸಕ್ಕರೆ ಕೇಳಲು ಬಂದಿದ್ದ ಪಕ್ಕದ ಮನೆಯ ಖಾಲಾ ಅಲ್ಲೇ ಕುಳಿತುಬಿಟ್ಟರು. "ನಿಮ್ಮ ಮನಿ ಹಾಕಿದ್ರ ಬಾಜೂಕ ನಮ್ದೂ ಹಾಕು ಬೇಟಿ. ಇಷ್ಟು ವರ್ಷ ಜೋಡಿ ಇದ್ದೀವಿ."

ಗಣಿಗಳ ಬಗ್ಗೆ, ಕಲ್ಪನೆಯ ಬಗ್ಗೆ ವಿವರಿಸಿ ಸೋತೆ. ಬೇಸತ್ತು ಒಂದು ವಾಕ್ಯ ಸೇರಿಸಿದೆ: ದಂಡೆಯ ಮೇಲೆ ಎರಡು ಮನೆಗಳು ಉಳಿದಿದ್ದವು. ಅಷ್ಟಕ್ಕೇ ಅಧ್ಯಾಯ ಹಾಳಾಯಿತು. ಮನೆಯಿದ್ದ ಮೇಲೆ ಹುಡುಗಿ ಬಾಗಿಲು ಬಡಿಯದೆ ನೀರು ನೋಡುತ್ತ ನಿಲ್ಲುವುದು ಹೇಗೆ? ಅತ್ತೆಗೂ ಸಮಾಧಾನವಾಗಲಿಲ್ಲ.

"ಮನಿ ಅದ, ಒಳಗ ಯಾರೂ ಇಲ್ಲ. ಅಷ್ಟು ದೂರದಿಂದ ಬಂದಾಕಿಗಿ ಚರಿಗಿ ನೀರು ಯಾರು ಕೊಡಬೇಕು?"

ಆ ವಾಕ್ಯ ಹೊಡೆದುಹಾಕಿ, ಮೊದಲಿದ್ದಂತೆಯೇ ಕಳಿಸಿದೆ. ಕಳಿಸಿದ್ದನ್ನು ಹೇಳಿಯೂಬಿಟ್ಟೆ. ಅತ್ತೆ ಮಾತು ಬಿಟ್ಟರು. "ರೊಟ್ಟಿ ತಣ್ಣಗಾಗ್ಲಿಕತ್ತಾವ ಅಂತ ಆಕಿಗಿ ಹೇಳ್ರಿ," ಎಂದು ಮಾವನಿಗೆ ಹೇಳುತ್ತಿದ್ದರು. ಆ 'ಆಕಿ' ನಾನೇ, ಎದುರಿಗೇ ಕುಳಿತಿರುತ್ತಿದ್ದೆ.

ಪುಸ್ತಕ ಬಂದಾಗ ಮಾತ್ರ ಅತ್ತೆಯೇ ಮುಂದಾಗಿ ಬಳಗಕ್ಕೆಲ್ಲ ಪ್ರತಿ ಹಂಚಿದರು. ರಾಜಿಯಾಯಿತೆಂದು ನಾನು ಹಗುರಾದೆ. ಕೆಲವು ದಿನಗಳ ಮೇಲೆ ಸೇಡಂನಲ್ಲಿರುವ ಚಿಗವ್ವ ಫೋನ್ ಮಾಡಿದರು.

"ಭಾಳ ಛಂದ ಬರ್ದೀದಿ. ಆದ್ರ ಆ ಹುಡುಗಿ ಊರು ಮುಟ್ಟಿದಳೊ ಇಲ್ಲೊ?"

"ಕಡೀ ಪಾಠದಾಗ ಅದಲ್ರಿ."

"ಎಲ್ಲದ? ನನ್ನ ಪುಸ್ತಕದಾಗ ಕಡೀ ಹಾಳಿನೇ ಇಲ್ಲ."

ಕಪಾಟು ತೆಗೆದು ನೋಡಿದೆ. ಹಂಚಿ ಉಳಿದ ಪ್ರತಿಗಳಲ್ಲೂ ಅವೇ ಹಾಳೆಗಳು ಬ್ಲೇಡಿನಿಂದ ನೀಟಾಗಿ ಕೊಯ್ದು ಹೋಗಿದ್ದವು. ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಬಳಗದವರ ಪುಸ್ತಕ ಅಷ್ಟೇ ಕೊಯ್ದೀನಿ. ಹೊರಗಿನವರಿಗಿ ನೀ ಏನರೆ ಓದ್ಸು."

ಸಿಟ್ಟಿನಲ್ಲಿ ಅಂಗಳಕ್ಕೆ ಹೋಗಿ, ಸ್ಪೀಕರ್ ಹಾಕಿ, ಅದೇ ಮೊಬೈಲಿನಲ್ಲಿದ್ದ ಪ್ರತಿಯಿಂದ ಇಡೀ ಅಧ್ಯಾಯವನ್ನು ಚಿಗವ್ವನಿಗೆ ಫೋನಿನಲ್ಲೇ ಗಟ್ಟಿಯಾಗಿ ಓದಿದೆ. ಕೆರೆ, ಗಾಳಿ, ಒಂಟಿ ಹುಡುಗಿ, ಎಲ್ಲವನ್ನೂ. ಕೊನೆಗೆ ಆ ಕಡೆಯೂ ಮೌನ. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದುಕೊಂಡೆ.

"ಅಲ್ಲವ್ವ," ಎಂದರು ಚಿಗವ್ವ, ದನಿ ತಗ್ಗಿಸಿ, "ನಮ್ಮ ಸೇಡಂ ಆದ್ರೂ ಉಳದದೊ ಇಲ್ಲೊ?"