ಜಂಪರ್ ಪೀಸಿನ ಮೂಲೆಯ ಚುಕ್ಕಿ

ನಮ್ಮ ಮನೆಯ ಸಂದೂಕದಲ್ಲಿ ಯಾರೂ ಹೊಲಿಸಿಕೊಳ್ಳದ ಜಂಪರ್ ಪೀಸುಗಳು ಯಾವಾಗ ನೋಡಿದರೂ ಹದಿನೈದಿಪ್ಪತ್ತು ಇರುತ್ತವೆ. ನಿಮ್ಮ ಮನೆಯಲ್ಲೂ ಇರುತ್ತವೆ, ಇಲ್ಲವೆನ್ನಬೇಡಿ. ಮದುವೆ, ತೊಟ್ಟಿಲು, ವಾಸ್ತುಶಾಂತಿ, ಯಾವ ಕಾರ್ಯಕ್ಕೆ ಹೋದರೂ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, ರವಿಕೆ, ನಮ್ಮ ಕಡೆಯ ಕುಬಸ, ಹೊಲಿಸಿಕೊಳ್ಳಲೆಂದು ಒಂದು ತುಂಡು ಬಟ್ಟೆ ಕೈಗಿಡುತ್ತಾರೆ. ಅದು ಮನೆಗೆ ಬಂದು ಸಂದೂಕ ಸೇರುತ್ತದೆ. ಮುಂದಿನ ಕಾರ್ಯಕ್ಕೆ ಅಲ್ಲಿಂದಲೇ ಎದ್ದು ಇನ್ನೊಬ್ಬರ ಕೈ ಸೇರುತ್ತದೆ. ಹೀಗೆ ಒಂದೊಂದು ತುಂಡು ಎಷ್ಟು ಊರು ತಿರುಗುತ್ತದೋ ಬಲ್ಲವರಿಲ್ಲ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದೇ ಇದರ ಕಟ್ಟಳೆ. ಆ ಕಟ್ಟಳೆಯನ್ನು ನಾನು ಮುರಿದೆ, ಅದೂ ಊಟಕ್ಕೆ ಕೂತ ನಲವತ್ತು ಜನರ ಮುಂದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ನಾನು ಆಳಂದದಲ್ಲಿ ಅರ್ಥಶಾಸ್ತ್ರ, ಜೊತೆಗೆ ಒಂದಿಷ್ಟು ಮನಶ್ಶಾಸ್ತ್ರ ಪಾಠ ಮಾಡುವವನು. ವಿಶ್ವವಿದ್ಯಾಲಯದಲ್ಲಿ ಕಲಿತ ಮುಖ್ಯ ವಿದ್ಯೆಯೆಂದರೆ ಎಲ್ಲದರ ಮೇಲೂ ಸಂಶಯಪಡುವುದು. ದೇವರು, ಜಾಹೀರಾತು, ಹೆಂಡತಿ ಹೇಳುವ ಮನೆಮದ್ದು, ಯಾವುದನ್ನೂ ಬಿಟ್ಟವನಲ್ಲ. ನನ್ನೊಳಗೇ ಕೂತ ಒಬ್ಬನ ಮೇಲೆ ಮಾತ್ರ ಸಂಶಯಪಡುವುದು ಬಿಟ್ಟುಹೋಗಿತ್ತು. ಆ ಕಥೆಗೇ ಬರುತ್ತಿದ್ದೇನೆ.

ಅರ್ಥಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಒಬ್ಬ ಮನುಷ್ಯನಿದ್ದಾನೆ. ತನಗೆ ಏನು ಬೇಕೆಂದು ಅವನಿಗೆ ಸದಾ ಗೊತ್ತಿರುತ್ತದೆ. ಲಾಭ ನಷ್ಟ ತೂಗದೆ ಅವನು ಚಹಾ ಕೂಡ ಕುಡಿಯುವುದಿಲ್ಲ. ಈ ಮಹಾಶಯ ನಮ್ಮ ಜಂಪರ್ ಪೀಸನ್ನು ನೋಡಿದರೆ ತಲೆಗೆ ಕೈಹಚ್ಚಿ ಕೂಡುತ್ತಾನೆ. ಕೊಟ್ಟವರಿಗೆ ಬೇಕಿಲ್ಲ, ತೆಗೆದುಕೊಂಡವರಿಗೂ ಬೇಕಿಲ್ಲ, ಆದರೂ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಹಾಗಾದರೆ ಇದು ಬಟ್ಟೆಯಲ್ಲ, ಒಂದು ಬಗೆಯ ನಾಣ್ಯ ಎಂದು ನನಗೆ ಹೊಳೆಯಿತು. ನೋಟನ್ನು ಯಾರೂ ಹೊಲಿಸಿ ತೊಡುವುದಿಲ್ಲವಲ್ಲ! ಈ ಹೊಳಹನ್ನು ನಾನೇ ಮೆಚ್ಚಿ, ಪರೀಕ್ಷೆ ಮಾಡಿ ನೋಡಬೇಕೆಂದು ಹೊರಟೆ.

ಮೂರು ವರ್ಷದ ಹಿಂದೆ ಅಫಜಲಪುರದಲ್ಲಿ ನನ್ನ ಹೆಂಡತಿ ಸುನಂದಾಳ ತಂಗಿಗೆ ಕುಬಸದ ಕಾರ್ಯವಿತ್ತು. ಚೊಚ್ಚಲ ಬಸಿರಿಗೆ ಉಡಿ ತುಂಬುವ ಸಂಭ್ರಮ. ಹೊರಡುವ ಮುಂಚೆ ಒಂದು ಹಸಿರು ಪೀಸಿನ ಮೂಲೆಯಲ್ಲಿ ನೀಲಿ ಪೆನ್ನಿನಿಂದ ಸಾಸಿವೆಯಷ್ಟು ಚುಕ್ಕಿಯಿಟ್ಟೆ. ಅದನ್ನು ನಾದಿನಿಯ ಉಡಿಯಲ್ಲಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಹಸಿರು ಬಳೆ ತೊಟ್ಟ ಅವಳ ಕೈ ಅದನ್ನು ಅಕ್ಕಿಯ ಮೇಲೆ ಸರಿಮಾಡಿದ್ದು, ನನ್ನತ್ತ ನೋಡಿ ನಕ್ಕಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದಂತಿದೆ ಎಂಬುದನ್ನು ಓದುಗರು ಗುರುತಿಟ್ಟುಕೊಳ್ಳಬೇಕು.

ಒಂದು ವರ್ಷ ಕಳೆದು ನಾವು ಆಳಂದದಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆವು. ವಾಸ್ತುಶಾಂತಿಗೆ ಜೇವರ್ಗಿ ಕಡೆಯ ಇಜೇರಿಯಿಂದ ನನ್ನ ಅಕ್ಕ ಕಸ್ತೂರಕ್ಕ ಬಂದಿದ್ದಳು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನಮ್ಮವ್ವ ಹೊಲಕ್ಕೆ ಹೋದ ದಿನಗಳಲ್ಲಿ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಎರಡು ದಿನ ಇದ್ದು ಹೋಗುತ್ತೇನೆಂದು ಬಟ್ಟೆಬರೆ ತಂದಿದ್ದಳು. ಸುನಂದಾಗೆ ಒಂದು ಸೀರೆ, ಮೇಲೊಂದು ಹಸಿರು ಜಂಪರ್ ಪೀಸು, ನನಗೆ ಟವಲು, ಟೊಪ್ಪಿಗೆ, ಹೀಗೆ ಉಡುಗೊರೆಯ ಆಯೇರಿ ಮಾಡಿದಳು.

ಊಟದ ಪಂಕ್ತಿ ಕೂತಿತ್ತು. ಸುನಂದಾ ಒಳಗೆ ಹೋಳಿಗೆಯ ಹೆಂಚಿನ ಮುಂದಿದ್ದಳು. ಬಂದ ಆಯೇರಿಯನ್ನು ಮಂಚದ ಮೇಲೆ ಜೋಡಿಸುತ್ತಿದ್ದ ನನಗೆ ಆ ಹಸಿರು ತುಂಡಿನ ಮೂಲೆಯಲ್ಲಿ ನೀಲಿ ಚುಕ್ಕಿ ಕಂಡಿತು. ಚಿನ್ನದ ಗಣಿಗೆ ಗುದ್ದಲಿ ತಾಗಿದವನಿಗೂ ಅಷ್ಟು ಖುಷಿಯಾಗಿರಲಿಕ್ಕಿಲ್ಲ. ಬಟ್ಟೆಯನ್ನು ಬಾವುಟದಂತೆ ಎತ್ತಿಹಿಡಿದು ಪಂಕ್ತಿಯ ನಡುವೆ ನಿಂತೆ. ಇದು ನಾನೇ ಚುಕ್ಕಿಯಿಟ್ಟು ಅಫಜಲಪುರಕ್ಕೆ ಕಳಿಸಿದ್ದು, ಅಲ್ಲಿಂದ ನಾದಿನಿಯ ಅತ್ತೆಯ ಕೈಸೇರಿ ಕೊಳಕೂರಿನ ಅವರ ಬೀಗರಿಗೆ ಹೋಗಿರಬೇಕು, ಕೊಳಕೂರಿನಿಂದ ಇಜೇರಿಗೆ ಬಂದಿರಬೇಕು, ಇವತ್ತು ನನ್ನ ಮನೆಗೇ ತಿರುಗಿ ಬಂದಿದೆ ಎಂದು ಸಾರಿದೆ. ಸರಕು, ನಾಣ್ಯ, ಚಲಾವಣೆ ಎಂದು ಐದು ನಿಮಿಷ ಪಾಠವೂ ಆಯಿತು. ಜನ ಬಿದ್ದು ಬಿದ್ದು ನಕ್ಕರು. ಕೊಳಕೂರಿನಿಂದ ಬಂದಿದ್ದ ನಮ್ಮ ದೂರದ ಕಾಕಾ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಕೂಗಿದರು:

"ಕಸ್ತೂರಿಬಾಯಿ, ಸಿಕ್ಕಿ ಬಿದ್ದಿ ನೋಡು! ನಿನ್ನ ತಮ್ಮ ಪೊಲೀಸ್ ಖಾತೆದಾಗ ಇರಬೇಕಾಗಿತ್ತು!"

ಅಕ್ಕ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಕ್ಕಳೆಂದೇ ನನ್ನ ನೆನಪು. ಊಟ ಮುಗಿಸಿ, "ಎಮ್ಮಿ ಈಯೂ ದಿನ ಹತ್ರ ಬಂದಾವು, ಹೋಗ್ತೇನಿ ತಮ್ಮಾ" ಎಂದು ಮೂರರ ಬಸ್ಸಿಗೇ ಹೊರಟುಬಿಟ್ಟಳು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ತಿರುಗುವ ಪೀಸುಗಳು ತಿರುಗುವುದು ಪರಿಚಯದವರ ನಡುವೆ, ಬೀಗರ ಬೀಗರ ನಡುವೆ. ಹೆಣ್ಣುಮಕ್ಕಳು ತವರಿಗೆ ಮಾಡುವ ಆಯೇರಿ ಹಾಗಲ್ಲ. ಅದಕ್ಕೆ ಅಂಗಡಿಗೇ ಹೋಗಬೇಕು, ಹತ್ತು ಬಣ್ಣ ಬಿಚ್ಚಿಸಬೇಕು, ಹೊಸದೇ ತರಬೇಕು. ತಿರುಗಿದ ಬಟ್ಟೆಯನ್ನು ತಮ್ಮನ ಮನೆಗೆ ತಂದಳೆಂದರೆ ತಮ್ಮನನ್ನು ಪರಿಚಯದವರ ಪಟ್ಟಿಗೆ ಸೇರಿಸಿದಳೆಂದೇ ಅರ್ಥ. ನನ್ನ ಅಕ್ಕ ಹೀಗೆ ಮಾಡಿದ್ದಾಳೆಂದು ನಾನು ನಲವತ್ತು ಜನರಿಗೆ ನಗುನಗುತ್ತ ಹೇಳಿದ್ದೆ. ನಾಣ್ಯದ ಬಗ್ಗೆ ಅಷ್ಟು ತಿಳಿದವನಿಗೆ ಇಷ್ಟು ತಿಳಿದಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೇಳಿಕೆ ಬಂತು. ಸುನಂದಾ ಸಂದೂಕ ತೆಗೆದು ಪೀಸುಗಳನ್ನು ನೆಲಕ್ಕೆ ಹರವಿದಳು. ಅಕ್ಕ ತಂದದ್ದು ಮೇಲೆಯೇ ಇತ್ತು. ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಹಸಿರು ತುಂಡು. ಮೂಲೆಯಲ್ಲಿ ನೀಲಿ ಚುಕ್ಕಿ.

"ಇದು ಇಲ್ಲಿ ಹೆಂಗ ಬಂತು?" ಎಂದೆ.

"ಇಲ್ಲೇ ಇತ್ತಲ್ರೀ. ನೀವು ಪೆನ್ನಿಲೆ ಹೊಲಸು ಮಾಡಿದ್ರಿ. ಅಂಥಾದ್ದು ನನ್ನ ತಂಗಿ ಉಡ್ಯಾಗ ಹಾಕ್ತಾರೇನು? ನಾನೇ ಬದಲಿ ಮಾಡಿ ಬ್ಯಾರೆ ಒಯ್ದಿದ್ದೆ."

"ಮತ್ತ ವಾಸ್ತುಶಾಂತಿ ದಿನ ಯಾಕ ಹೇಳಲಿಲ್ಲ?"

"ಯಾವುದು? ನಾ ಒಲಿ ಮುಂದಿದ್ದೆ. ಹೊರಗ ನೀವು ಏನೋ ಭಾಷಣ ಮಾಡಾಕತ್ತಿದ್ರಿ. ನೀವು ದಿನಾ ಮಾಡೋ ಭಾಷಣ ಎಲ್ಲಾ ಕೇಳಿಕೋತ ಕುಂತ್ರ ನನ್ನ ಕೆಲಸ ಆಗ್ತದೇನ್ರಿ?"

ಹಾಗಾದರೆ ಅಕ್ಕನ ಪೀಸಿನ ಚುಕ್ಕಿ? ಸುನಂದಾ ನನ್ನನ್ನು ದಡ್ಡ ವಿದ್ಯಾರ್ಥಿಯಂತೆ ನೋಡಿದಳು. ಅಂಗಡಿಯವನು ಥಾನಿನಿಂದ ತುಂಡು ಕತ್ತರಿಸುವಾಗ ಅಳತೆಗೆ ಪೆನ್ನಿನಿಂದ ಗುರುತು ಮಾಡಿಕೊಳ್ಳುತ್ತಾನಂತೆ. ಹರವಿದ್ದ ಪೀಸುಗಳ ಮೂಲೆಗಳನ್ನು ಒಂದೊಂದಾಗಿ ಮಡಚಿ ತೋರಿಸಿದಳು. ಹದಿನೇಳರಲ್ಲಿ ಆರಕ್ಕೆ ಚುಕ್ಕಿ. ಒಂದು ಕೆಂಪು, ಉಳಿದವು ನೀಲಿ.

ಹೋಲಿಸಿ ನೋಡದೆ ತೀರ್ಪು ಕೊಡಬಾರದೆಂದು ವರ್ಷ ವರ್ಷ ಹುಡುಗರಿಗೆ ಹೇಳುವವನು ನಾನು. ನನಗೆ ಬೇಕಾದ ಚುಕ್ಕಿ ಕಂಡ ಕೂಡಲೇ ಬೇರೆ ಮೂಲೆಗಳನ್ನು ತಿರುವಿ ನೋಡುವ ಕೆಲಸ ನಿಲ್ಲಿಸಿದ್ದೆ. ಮನಶ್ಶಾಸ್ತ್ರದವರು ಈ ರೋಗಕ್ಕೆ ಹೆಸರಿಟ್ಟಿದ್ದಾರೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ನಾನೇ ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಆ ಹಸಿರು ಬಳೆಯ ಕೈ. ನಡೆಯದ ಸಂಗತಿಯೊಂದು ಬಳೆ, ಅಕ್ಕಿ, ನಗು ಸಮೇತ ನನ್ನ ತಲೆಯಲ್ಲಿ ಕೂತಿತ್ತು. ಇನ್ನೂ ಕೂತಿದೆ. ಸುಳ್ಳೆಂದು ತಿಳಿದ ಮೇಲೂ ಅವಳು ಅಷ್ಟೇ ಚೆಂದಾಗಿ ನಗುತ್ತಾಳೆ. ನನ್ನ ಬಾಲ್ಯ, ನನ್ನ ಮದುವೆ, ಅಕ್ಕನ ಕಂಕುಳು, ಇವಕ್ಕೆಲ್ಲ ಈಗ ಯಾರ ಸಾಕ್ಷಿ ಕೇಳಲಿ?

ಜನರ ಮುಂದೆ ಮಾಡಿದ ತಪ್ಪನ್ನು ಜನರ ಮುಂದೆಯೇ ಒಪ್ಪಬೇಕೆಂದು ಚುಕ್ಕಿಯ ಪೀಸನ್ನು ಜೊತೆಗಿಟ್ಟುಕೊಂಡು ಇಜೇರಿಗೆ ಹೋದೆ. ಹೆಚ್ಚುಕಡಿಮೆ ಅದೇ ಜನ ಸೇರಿದ್ದರು. ತೊಟ್ಟಿಲು ತೂಗಿದ ಮೇಲೆ, ಊಟಕ್ಕೆ ಏಳುವ ಮುಂಚೆ, ಗಂಟಲು ಸರಿಮಾಡಿಕೊಂಡು ನಿಂತೆ. ಅವತ್ತು ನಾನು ಹೇಳಿದ್ದು ಪೂರಾ ಸುಳ್ಳು, ನನ್ನ ಪೀಸು ಮನೆ ಬಿಟ್ಟೇ ಹೋಗಿರಲಿಲ್ಲ, ಅಕ್ಕ ತಂದದ್ದು ಹೊಸದು, ಇಗೋ ನೋಡಿ ಎಂದು ತೋರಿಸಿದೆ.

ಕೊಳಕೂರಿನ ಕಾಕಾ ಕಣ್ಣೊರೆಸಿಕೊಂಡರು.

"ತಮ್ಮ ಇದ್ರ ಹಿಂಗಿರಬೇಕ್ರಿ! ಅಕ್ಕನ ಮರ್ಯಾದಿ ಸಲುವಾಗಿ ತಾನೇ ಸುಳ್ಳ ಅನ್ನಿಸ್ಕೊಳ್ಳಾಕತ್ತಾನ ನೋಡ್ರಿ."

"ಕಾಕಾ, ಖರೇನೇ ಹೇಳಾಕತ್ತೇನಿ. ಚುಕ್ಕಿ ನೋಡ್ರಿ ಇಲ್ಲಿ."

"ಅದಕ್ಕೂ ಒಂದು ಚುಕ್ಕಿ ಇಟ್ಕೊಂಡು ಬಂದಿ ಅಲ್ಲೋ! ಭಾಳ ಶಾಣ್ಯಾ ಇದ್ದಿ ಬಿಡು. ಏಳ್ರಿ, ಊಟ ಆರ್ತದ."

ಎಲ್ಲರೂ ಮೆಚ್ಚುಗೆಯಿಂದ ತಲೆದೂಗುತ್ತ ಎದ್ದರು. ಒಬ್ಬ ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಸುಳ್ಳು ಹೇಳಿದ ದಿನ ನನ್ನನ್ನು ಜಾಣನೆಂದಿದ್ದರು, ನಿಜ ಹೇಳಿದ ದಿನ ಒಳ್ಳೆಯವನೆಂದರು. ಎರಡು ದಿನವೂ ತಪ್ಪು ಅಕ್ಕನ ತಲೆಯ ಮೇಲೇ ಉಳಿಯಿತು.

ಊಟವಾದ ಮೇಲೆ ಹಿತ್ತಲ ಕಟ್ಟೆಯಲ್ಲಿ ಅಕ್ಕ ಒಬ್ಬಳೇ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಪಕ್ಕದಲ್ಲಿ ಕೂತೆ. ಆಗ ಬಾಗಿಲಾಚೆ ಒಳಗೆ ಅಕ್ಕನ ಸೊಸೆ ರೇಣುಕಾ ಸಂದೂಕ ತೆಗೆಯುವುದು ಕಂಡಿತು. ಆ ಸಂದೂಕದ ಕೀಲಿ ನನಗೆ ತಿಳಿದಂದಿನಿಂದ ಅಕ್ಕನ ಸೊಂಟದಲ್ಲಿತ್ತು. ಈಗ ರೇಣುಕಾಳ ಸೆರಗಿನ ತುದಿಯಲ್ಲಿತ್ತು.

"ಕೀಲಿ ಯಾಕ ಕೊಟ್ಟಿ ಅಕ್ಕ?"

"ನನಗ ಮರವು ಹತ್ತಿದೋ ತಮ್ಮಾ." ಅಡಿಕೆಯನ್ನು ದವಡೆಗೆ ಸರಿಸಿಕೊಂಡು ಹೇಳಿದಳು. "ಅವತ್ತು ನೀ ಹಂಗ ಅಂದಾಗ ನನಗ ಎದಿ ಧಸಕ್ ಅಂತು. ಜೇವರ್ಗಿ ಅಂಗಡಿಗೆ ಹೋಗಿ ಹೊಸಾದ್ದೇ ತಂದೇನಿ ಅಂತಿತ್ತು ಮನಸು. ಆದ್ರ ನೀ ಓದಿದಾವ, ಗುರುತು ಇಟ್ಟಾವ. ನೀ ಯಾಕ ಸುಳ್ಳು ಹೇಳ್ತಿ? ನಾನೇ ಹಳೀದು ಹೊಸಾದು ಕಲಸಿ ತಂದೀನಿ ಅನಿಸ್ತು. ತಮ್ಮನ ಮನೀಗೇ ಹಂಗ ಮಾಡಿದಾಕಿ ನಾಳೆ ಬೀಗರ ಮುಂದ ಏನ ಮಾಡೇನು ಅಂತ ಅಂಜಿಕಿ ಬಂತು. ಆಕಿಗೇ ಕೊಟ್ಟುಬಿಟ್ಟೆ."

ನನ್ನ ಮಾತಿನ ಮೇಲೆ ಅವಳಿಗೆ ಎಷ್ಟು ನಂಬಿಕೆಯಿತ್ತೆಂದರೆ ತಾನು ಕಣ್ಣಾರೆ ಕಂಡದ್ದರ ಮೇಲೇ ಸಂಶಯಪಟ್ಟಳು. ನಾನು ಜೀವಮಾನದಲ್ಲಿ ಮಾಡದ ಸಂಶಯವನ್ನು ನನ್ನ ಬದಲಿಗೆ ಅವಳು ಮಾಡಿದ್ದಳು. ತಲೆಯೆತ್ತಲಾಗದೆ ಕಟ್ಟೆಯ ಕಲ್ಲು ನೋಡುತ್ತ, ತಪ್ಪು ನನ್ನದೇ ಎಂದು ಮತ್ತೆ ಮೊದಲಿನಿಂದ ಹೇಳಿದೆ.

"ಇರಲಿ ಬಿಡಪಾ. ನನ್ನ ಸಮಾಧಾನಕ್ಕ ಹೇಳಾಕತ್ತಿ. ಸಣ್ಣಾವ ಇದ್ದಾಗೂ ನೀ ಹಿಂಗೇ."

ಸಣ್ಣವನಿದ್ದಾಗ ನಾನು ಹಾಗಿರಲಿಲ್ಲ. ಆದರೆ ಅವಳ ಜೊತೆ ನೆನಪಿನ ಬಗ್ಗೆ ವಾದ ಮಾಡುವ ಯೋಗ್ಯತೆ ನನಗೆಲ್ಲಿ? ಬೇರೇನೂ ತೋಚದೆ ಕೇಳಿದೆ: "ಜೇವರ್ಗಿಗೆ ಹೋಗಿದ್ದು ಹೆಂಗ ನೆನಪದ, ಹೇಳು."

"ಹೆಂಗಂದ್ರ? ಮಂಗಳಾರ ಇತ್ತು. ಅಂಗಡಿಯಾವ ಗಿಳಿಹಸಿರು ತೆಗೆದ, ಒಲ್ಲೆ ಅಂದೆ. ಪಾಚಿಹಸಿರು ತೆಗೆದ, ಸುನಂದಾ ಕಪ್ಪು ಕಾಣ್ತಾಳ ಅಂದೆ. ಅವ ಸಿಟ್ಟಿಗೆದ್ದು, ಯವ್ವಾ, ಹೊಲದಾನ ತೊಗರಿಗಿಡ ಕಿತ್ತು ತರ್ಲೇನು ಅಂದ. ಹಾಂ, ಅದೇ ಬಣ್ಣ ಬೇಕು ಅಂದೆ. ನಕ್ಕು ಒಳಗಿಂದ ಅದ್ನ ತಂದ. ಅಷ್ಟರಾಗ ಬಸ್ಸು ಹೋಗಿತ್ತು. ಸ್ಟ್ಯಾಂಡಿನಾಗ ಒಂದು ತಾಸು ಕುಂತೆ, ಬಾಳೆಹಣ್ಣು ತಿಂದೆ."

ಹೇಳುತ್ತ ಹೇಳುತ್ತ ಅವಳ ದನಿ ಏರಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಯಾಕೆಂದರೆ ಮುಂದೆ ಹೇಳಬೇಕಾದ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ವಿವರ ತುಂಬಿದ ನೆನಪು ನಿಜವೇ ಆಗಿರಬೇಕಿಲ್ಲ. ನನ್ನ ತಲೆಯೊಳಗಿನ ಹಸಿರು ಬಳೆಯ ಕೈಗೆ ವಿವರ ಕಡಿಮೆಯೇ? ಆದರೂ ಗಂಟಲು ಗಟ್ಟಿಮಾಡಿ, ತರಗತಿಯ ದನಿಯಲ್ಲಿ ಹೇಳಿದೆ:

"ಅಕ್ಕ, ಇಷ್ಟು ತಪಶೀಲ ನೆನಪಿದ್ರ ಅದು ಖರೇನೇ ಅಂತ ನಮ್ಮ ಶಾಸ್ತ್ರದಾಗ ಬರದದ. ಅದರ ಮ್ಯಾಲ ಯಾರೂ ಮಾತಾಡಂಗಿಲ್ಲ. ನಿನಗ ಮರವಿಲ್ಲ, ಏನಿಲ್ಲ."

"ಶಾಸ್ತ್ರದಾಗ ಬರದದೇನು?"

"ಬರದದ."

"ಪುಸ್ತಕದಾಗ?"

"ದಪ್ಪನ ಪುಸ್ತಕದಾಗ."

ಅಕ್ಕ ಎಲೆಯಡಿಕೆ ಉಗಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಒಳಗೆ ಕೂಗಿದಳು: "ಏ ರೇಣುಕಾ, ಕೀಲಿ ತಾ ಬೇ ಇಲ್ಲಿ. ಸಾಕು ನಿನ್ನ ಕಾರಭಾರ."

ಗೋಗರೆದು ಹೇಳಿದ ನಿಜವನ್ನು ಇಜೇರಿಯಲ್ಲಿ ಯಾರೂ ಒಪ್ಪಲಿಲ್ಲ. ಗತ್ತಿನಿಂದ ಹೇಳಿದ ಒಂದು ಸುಳ್ಳನ್ನು ಅಕ್ಕ ಒಪ್ಪಿದಳು, ಮತ್ತು ಅದರಿಂದ ನಿಜವಾದ ಸಂಗತಿಯೊಂದು ಅವಳಿಗೆ ತಿರುಗಿ ಸಿಕ್ಕಿತು. ಇದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಎರಡೂ ಶಾಸ್ತ್ರಗಳನ್ನು ಕೇಳಿ ನೋಡಿದ್ದೇನೆ, ಎರಡೂ ಬಾಯಿ ಬಿಡುತ್ತಿಲ್ಲ. ನಾಚಿಕೆಯಂತೂ ಕಡಿಮೆಯಾಗಿಲ್ಲ, ಒಂದಿದ್ದದ್ದು ಎರಡಾಗಿದೆ.

ಈಗಲೂ ವರ್ಷಕ್ಕೊಮ್ಮೆ ಮನಶ್ಶಾಸ್ತ್ರದ ತರಗತಿಯಲ್ಲಿ ನೆನಪಿನ ಪಾಠ ಬರುತ್ತದೆ. ನೆನಪು ಎಷ್ಟೇ ಸ್ಪಷ್ಟವಾಗಿರಲಿ, ಸ್ಪಷ್ಟತೆ ಸತ್ಯದ ಗುರುತಲ್ಲ ಎಂದು ಹುಡುಗರಿಗೆ ಬರೆಸುತ್ತೇನೆ. ಬರೆಸುವಾಗ ಯಾಕೋ ದನಿ ತಗ್ಗುತ್ತದೆ. ಹಿಂದಿನ ಬೆಂಚಿನವರು, "ಸರ್, ಜೋರ್ ಹೇಳ್ರಿ, ಕೇಳಸಾಕತ್ತಿಲ್ಲ" ಎನ್ನುತ್ತಾರೆ. ಜೋರಾಗಿ ಹೇಳಬಹುದು. ಆದರೆ ಅಕ್ಕನ ಇಜೇರಿ ಇಲ್ಲಿಂದ ಅಷ್ಟೇನೂ ದೂರವಿಲ್ಲ.