ಸೊಟ್ಟ ಎಸಳಿನ ಅಚ್ಚು

ಈ ಅಚ್ಚಿಗೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ: ಬದುಕಿರುವಷ್ಟು ಕಾಲ, ಪ್ರತಿ ಡಿಸೆಂಬರಿನಲ್ಲಿ ಒಂದು ಇಡೀ ಮಧ್ಯಾಹ್ನ, ಬೀದಿಯವರೆಲ್ಲರ ಎದುರಿಗೆ ಒಲೆಯ ಮುಂದೆ ಕೂರುವುದು. ದುಡ್ಡಿನಲ್ಲಾಗಿದ್ದರೆ ಅಗ್ಗವಾಗಿ ಮುಗಿಸುತ್ತಿದ್ದೆ. ಮಾರುವವರು ದುಡ್ಡು ಬೇಡವೆಂದರು. ಅಲ್ಲೇ ನಾನು ಸಿಕ್ಕಿಬಿದ್ದೆ.

ಈಗ ತಾನೇ ಅದನ್ನು ಎಣ್ಣೆಯ ಬಟ್ಟಲಿನಿಂದ ತೆಗೆದು ಬೆಂಕಿಗೆ ಹಿಡಿದಿದ್ದೇನೆ. ಕಾದ ಕಬ್ಬಿಣದಿಂದ ಶೇಂಗಾ ಎಣ್ಣೆಯ ಹೊಗೆ ಏಳುತ್ತದಲ್ಲ, ಆ ವಾಸನೆ ಬಂದರೆ ನಮ್ಮ ಮನೆಗೆ ಕ್ರಿಸ್‌ಮಸ್ ಬಂದ ಹಾಗೆ. ಉದ್ದನೆಯ ಹಿಡಿಯ ತುದಿಗೆ ಎಂಟು ಎಸಳಿನ ಹೂವು, ಅದರಲ್ಲಿ ಒಂದೆಸಳು ಸೊಟ್ಟ. ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗಿಳಿಸಿದರೆ ಗರಿಗರಿ ಹೂ ಕಳಚಿ ಬೀಳುತ್ತದೆ. ಪೇಟೆಯಲ್ಲಿ ಇದನ್ನು ರೋಸ್ ಕುಕೀಸ್ ಅನ್ನುತ್ತಾರೆ. ನಮಗೆ ಅಚ್ಚಿನ ಹೂ.

ನಾನು ಹೊಳಲ್ಕೆರೆಯ ಎಪಿಎಂಸಿ ಯಾರ್ಡಿನಲ್ಲಿ ಗೋಣಿಚೀಲದ ವ್ಯಾಪಾರಿ. ಸೈಕಲ್ಲಿನ ಮೇಲೆ ಹರಿದ ಚೀಲ ಹೇರಿಕೊಂಡು ಶುರು ಮಾಡಿದವನಿಗೆ ಇವತ್ತು ಸ್ವಂತ ಗೋಡೌನ್ ಇದೆ. ಎಲ್ಲ ಬಂದದ್ದು ಈ ನಾಲಿಗೆಯಿಂದಲೇ. ಹೊಸದುರ್ಗದಿಂದ ಹಿರಿಯೂರಿನವರೆಗೆ ಯಾವ ಸಂತೆಯಲ್ಲೂ ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವನಲ್ಲ. ಜಂಬಕ್ಕೆ ಹೇಳುತ್ತಿಲ್ಲ (ಸ್ವಲ್ಪ ಜಂಬವೂ ಇದೆ ಅನ್ನಿ), ಮುಂದೆ ಆದದ್ದು ನಿಮಗೆ ತಿಳಿಯಲಿ ಎಂದು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಮೇಲೆ, ಅಟ್ಟ ಖಾಲಿ ಮಾಡಿದೆ. ಹಳೆ ಕಬ್ಬಿಣಕ್ಕೆ ಈರುಳ್ಳಿ ಕೊಡುವ ಗಾಡಿ ಬಂದಿತ್ತು. ತುಕ್ಕಿನ ಬಾಣಲೆ, ಮುರಿದ ಇಕ್ಕಳ, ಬಟ್ಟೆ ಸುತ್ತಿದ ಒಂದು ಗಂಟು, ಎಲ್ಲವನ್ನೂ ತಕ್ಕಡಿಗೆ ಹಾಕಿದೆ. ಅರ್ಧ ಗಂಟೆ ಕಾದಾಡಿ ಎರಡು ಹಿಡಿ ಈರುಳ್ಳಿ ಜಾಸ್ತಿ ಹಾಕಿಸಿಕೊಂಡು ಗೆದ್ದೆ. ಆ ಗಂಟಿನೊಳಗೆ ಅವ್ವನ ಅಚ್ಚು ಇತ್ತು.

ಗೊತ್ತಾದದ್ದು ಡಿಸೆಂಬರಿನಲ್ಲಿ, ಅವ್ವ ಕರೆದಾಗ. "ಅಚ್ಚು ಇಳಿಸಪ್ಪ. ನನ್ ಕೈ ನಡುಗ್ತಾವೆ. ನಮ್ಮವ್ವ ನಂಗೆ ಕೊಟ್ಟಿದ್ದು, ಈ ವರ್ಷ ಸೊಸೆ ಕೈಗೆ ದಾಟಿಸಿಬಿಡ್ತೀನಿ."

ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಎರಡೇ. ಹಬ್ಬವೆಂದರೆ ಒಂದು ಕಾಗದದ ನಕ್ಷತ್ರ, ಬಾಲಯೇಸುವಿಗೆ ಹುಲ್ಲಿನ ಗೋದಲಿ, ಬೆಳಗ್ಗೆ ಪೂಜೆಗೆ ಹೊರಡುವ ಮುನ್ನ ಮನೆಮನೆಗೆ ಹೋಗುವ ಬಟ್ಟೆ ಮುಚ್ಚಿದ ತಟ್ಟೆ. ಅಷ್ಟೇ. ಗೋದಲಿಗೆ ಹುಲ್ಲು ತರುವವನು ಎದುರು ಮನೆಯ ಕರಿಯಜ್ಜ. ಮತ್ತೋಡಿನ ಕಡೆ ಆಯುಷ್ಯವೆಲ್ಲ ಕುರಿ ಕಾಯ್ದವನು. ಗೋದಲಿಯ ಮಣ್ಣಿನ ಕುರಿಯನ್ನು ವರ್ಷ ವರ್ಷವೂ ಎತ್ತಿ ನೋಡಿ, "ಇದು ಕುರಿ ಅಲ್ಲ ಕಣಪ್ಪ, ನೆಂದ ಬೆಕ್ಕು," ಎಂದು ತೀರ್ಪು ಕೊಟ್ಟು, ಜೋಪಾನವಾಗಿ ಅಲ್ಲೇ ಇಟ್ಟುಹೋಗುತ್ತಾನೆ. ಕೇಕಿಲ್ಲದಿದ್ದರೂ ನಡೆಯುತ್ತದೆ. ಅಚ್ಚಿನ ಹೂವಿಲ್ಲದೆ ಅವ್ವನ ತಟ್ಟೆ ಹೊಸಿಲು ದಾಟಿದ್ದೇ ಇಲ್ಲ.

ನಿಜ ಹೇಳಲು ಬಾಯಿ ಬರಲಿಲ್ಲ. ಚಿತ್ರದುರ್ಗದ ಬಸ್ಸು ಹತ್ತಿ, ಪಾತ್ರೆ ಅಂಗಡಿಯಲ್ಲಿ ಹೊಳೆಯುವ ಹೊಸ ಅಚ್ಚನ್ನು ಅರ್ಧ ಬೆಲೆಗೆ ಇಳಿಸಿ ತಂದೆ. ಅವ್ವ ಸವರಿ ನೋಡಿದಳು. ಹಿಟ್ಟಿಗೆ ಅದ್ದಿ ಎಣ್ಣೆಗಿಳಿಸಿದಳು. ಹೂ ಅಚ್ಚನ್ನು ಕಚ್ಚಿಕೊಂಡು ಕೂತಿತು, ಕೆರೆದರೆ ಚೂರು. ಎರಡನೆಯದೂ ಚೂರು, ಹತ್ತನೆಯದೂ ಚೂರು.

"ಹೊಸ ಅಚ್ಚು ಹೊಸ ಅಳಿಯ ಇದ್ದಂಗೆ. ಎಣ್ಣೆ ಕುಡಿದು ಪಳಗಾಕೆ ಟೈಮ್ ಬೇಕು," ಎಂದಳು. ಆಮೇಲೆ ಮೆಲ್ಲಗೆ, "ನಂದು ಎಲ್ಲೈತೋ?"

ಹೇಳಿದೆ. ಅವ್ವ ಬೈಯಲಿಲ್ಲ. ಒಲೆ ಆರಿಸಿ, "ಈ ವರ್ಷ ತಟ್ಟೆ ಬ್ಯಾಡ ಬಿಡು," ಎಂದು ಎದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆರಿದ ಒಲೆಯನ್ನು ನೋಡಲಾಗಲಿಲ್ಲ.

ಗಾಡಿಯವನನ್ನು ಹುಡುಕಿಕೊಂಡು ಹೋದೆ. "ಆ ಹೂವಿನ ಅಚ್ಚಾ? ಅದು ನಿಮ್ ಬೀದಿ ದಾಟಲೇ ಇಲ್ಲ ಸಾವ್ಕಾರ್ರೆ. ಅಮೀನಾ ಬೀ ಅವತ್ತೇ ತಗಂಡ್ರು."

ಅಮೀನಾ ಖಾಲಾ ನಮ್ಮ ಪಕ್ಕದ ಮನೆಯವರು. ಅವರ ಯಜಮಾನರು ತಗಡಿನ ಡಬ್ಬಿ ಮಾಡುತ್ತಿದ್ದರು. ಅವ್ವನ ಅಚ್ಚಿನ ಎಸಳು ಬಾಗಿದಾಗ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಲು ಹೋಗಿ ಶಾಶ್ವತವಾಗಿ ಸೊಟ್ಟ ಮಾಡಿದವರು ಅವರೇ. ಗಂಡ ಹೋದ ಮೇಲೂ ಖಾಲಾಗೆ ಆ ಗುರುತು ಮರೆತುಹೋಗಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ನಕ್ಕರು.

"ಬಂದ್ಯಾ? ಡಿಸೆಂಬರ್ ಬಂದ್ರೆ ನೀನೂ ಬರ್ತೀಯ ಅಂತ ಎಣ್ಣೆ ಹಚ್ಚಿ ಇಟ್ಟಿದ್ದೆ."

"ಎಷ್ಟು ಕೊಡ್ಲಿ ಖಾಲಾ?"

"ದುಡ್ಡು ನಿನ್ ಗೋಣಿಚೀಲದಾಗೆ ಇಟ್ಕ. ನಿಮ್ಮವ್ವನ ಕೈ ನಡುಗ್ತಾವೆ. ನೀನು ಕುಂತು ಕರಿ. ನಮ್ಮನೆ ತಟ್ಟೆಗೆ ಸಾಕು."

"ನಾನಾ? ನೋಡಿದೋರು ನಗ್ತಾರೆ. ಬೇರೆ ಏನಾರ ಕೇಳ್ರಿ."

"ಹಂಗಾದ್ರೆ ಇಡೀ ಬೀದಿ ತಟ್ಟೆಗೆ."

"ಸ್ವಲ್ಪ ಇಳಿಸ್ರಿ ಖಾಲಾ..."

"ಜಗಲಿ ಮ್ಯಾಲೆ. ಎಲ್ಲರ ಎದುರಿಗೆ."

"ಇದೊಂದು ವರ್ಷ ತಾನೆ?"

"ವರ್ಷಾ ವರ್ಷಾ! ಇನ್ನೂ ಮಾತಾಡ್ತೀಯಾ?"

ಬಾಯಿ ಮುಚ್ಚಿದೆ. ಚೌಕಾಸಿ ಮಾಡಿದಷ್ಟೂ ಬೆಲೆ ಏರುವ ಅಂಗಡಿಯನ್ನು ಅದೇ ಮೊದಲು ಕಂಡದ್ದು.

ಮರುದಿನ ಮಧ್ಯಾಹ್ನ ಜಗಲಿಯ ಮೇಲೆ ಒಲೆ ಹೂಡಿದೆವು. ಖಾಲಾ ತೆಂಗಿನ ಹಾಲು ಹಿಂಡಿ ತಂದರು. ಮೂಲೆ ಮನೆಯಿಂದ ಮೊಟ್ಟೆ ಬಂತು, ಇನ್ನೊಂದು ಮನೆಯಿಂದ ಸಕ್ಕರೆ. ನನ್ನ ಹೆಂಡತಿ ಅಕ್ಕಿಹಿಟ್ಟಿಗೆ ಎಳ್ಳುದುರಿಸಿ ಕಲಸಿದಳು, ನಗು ತಡೆಯಲಾರದೆ ಎರಡು ಸಲ ಒಳಗೆ ಹೋಗಿಬಂದಳು. ಕರಿಯಜ್ಜ ತನ್ನ ಕಂಬಳಿ ಹಾಸಿ, "ಕುಂತ್ಕಳ್ರಿ ಸಾವ್ಕಾರ್ರೆ, ಇವತ್ತು ನಿಮ್ ಕಸುಬು ನೋಡಾಣ," ಎಂದ.

ಮೊದಲನೆಯದು ಕೆಟ್ಟಿತು, ಅಚ್ಚನ್ನು ಪೂರ್ತಿ ಹಿಟ್ಟಿನಲ್ಲಿ ಮುಳುಗಿಸಿದ್ದೆ. "ಲೇ, ಕುತ್ತಿಗೆ ಮಟ ಅದ್ದು! ತಲೆ ಮುಳುಗಿಸಿದ್ರೆ ಹೆಂಗ್ ಬಿಡ್ತೈತೆ?" ಬೆನ್ನ ಹಿಂದೆ ಅವ್ವ ಬಂದು ನಿಂತಿದ್ದಳು. ಎರಡನೆಯದು ಎಣ್ಣೆಯಲ್ಲಿ ಒಮ್ಮೆ ನಡುಗಿತು. ನಾನು ಅಲುಗಿಸುವ ಮೊದಲೇ ಅಚ್ಚು ಬಿಟ್ಟು ತೇಲಿತು. ಎಂಟೆಸಳು, ಒಂದು ಸೊಟ್ಟ. ಬೀದಿಯೇ ಹೋ ಎಂದಿತು. ಲಾರಿಗಟ್ಟಲೆ ಮಾಲು ಗೆದ್ದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಅವ್ವ ಹೂವನ್ನೆತ್ತಿ ಬಿಸಿಲಿಗೆ ಹಿಡಿದು ನೋಡಿದಳು. "ದಾಟ್ತು ಬಿಡು," ಎಂದಳು.

ಆ ಕ್ರಿಸ್‌ಮಸ್ಸಿಗೆ ತಟ್ಟೆ ಒಂದು ಮನೆಯನ್ನೂ ಬಿಡಲಿಲ್ಲ. ಈಗಲೂ ಅವ್ವ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನ ಹೂವಿನ ಬಣ್ಣದಲ್ಲಿ ತಪ್ಪು ಹುಡುಕುತ್ತಾಳೆ. ಅಗೋ, ಎಣ್ಣೆ ಕಾದಿದೆ, ಖಾಲಾ ಕೂಗುತ್ತಿದ್ದಾರೆ.

ಹೋಗುವ ಮುಂಚೆ ನಿಮಗೆರಡು ಮಾತು. ಅಚ್ಚನ್ನು ಹಿಂದಿನ ದಿನವೇ ಎಣ್ಣೆಯಲ್ಲಿಡಿ, ಚೆನ್ನಾಗಿ ಕಾಯಿಸಿಯೇ ಹಿಟ್ಟಿಗೆ ಅದ್ದಿ, ಅದೂ ಮುಕ್ಕಾಲು ಮಾತ್ರ. ಅಟ್ಟದ ಗಂಟನ್ನು ಬಿಚ್ಚಿ ನೋಡದೆ ತಕ್ಕಡಿಗೆ ಹಾಕಬೇಡಿ, ಎಷ್ಟೇ ಈರುಳ್ಳಿ ಕೊಡಲಿ. ಇನ್ನು ಪಕ್ಕದ ಮನೆಯವರು ಇಂಥ ಬೆಲೆ ಹೇಳಿದರೆ, ದಯವಿಟ್ಟು ಚೌಕಾಸಿ ಮಾಡಿ. ನಾನು ಮೊದಲ ಮಾತಿಗೇ ಒಪ್ಪಿದ್ದರೆ ಒಂದೇ ತಟ್ಟೆಗೆ ವ್ಯಾಪಾರ ಮುಗಿದುಹೋಗುತ್ತಿತ್ತು.